ನಡುಮನೆಗೆ ನೂರು, ಅಡುಗೆಮನೆಗೆ ಸೊನ್ನೆ

ಮನೆಯ ಇಂಟರ್ನೆಟ್ ನಿಧಾನವಾದಾಗ ನಮ್ಮ ಮನೆಗಳಲ್ಲಿ ಹೊಳೆಯುವ ಪರಿಹಾರ ಒಂದೇ: ‘ಪ್ಲಾನ್ ಜಾಸ್ತಿ ಮಾಡಿಸೋಣ.’ 40 ಎಂಬಿಪಿಎಸ್ ಇದ್ದದ್ದು 100 ಆಗುತ್ತದೆ, 100 ಇದ್ದದ್ದು 300 ಆಗುತ್ತದೆ. ತಿಂಗಳ ಬಿಲ್ಲು ಏರುತ್ತದೆ. ಹಾಲ್‌ನ ಟಿವಿಯಲ್ಲಿ ಕ್ರಿಕೆಟ್ ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. ಹಿಂದಿನ ಕೋಣೆಯಲ್ಲಿ ಆನ್‌ಲೈನ್ ತರಗತಿ ಕೇಳುತ್ತಿರುವ ಹುಡುಗಿಯ ಪರದೆಯ ಮೇಲೆ ಮಾತ್ರ ಮೇಷ್ಟರು ಮೊದಲಿನಂತೆಯೇ ಅರ್ಧ ಬಾಯಿ ತೆರೆದು ಕಲ್ಲಾಗಿ ನಿಂತಿರುತ್ತಾರೆ. ಅಡುಗೆಮನೆಯಲ್ಲಿ ಅಮ್ಮನ ಫೋನಿನ ಸಣ್ಣ ಚಕ್ರ ತಿರುಗುತ್ತಲೇ ಇರುತ್ತದೆ.

ನನ್ನ ವಾದ ಇಷ್ಟು: ಮನೆಯೊಳಗಿನ ಇಂಟರ್ನೆಟ್ಟಿನ ತೊಂದರೆ ಬಹುಪಾಲು ವೇಗದ ಕೊರತೆಯಿಂದ ಬಂದದ್ದಲ್ಲ, ಹಂಚಿಕೆಯ ತಪ್ಪಿನಿಂದ ಬಂದದ್ದು. ಈ ತಪ್ಪಿಗೆ ಒಂದು ಕ್ರಮವಿದೆ. ಮನೆಯಲ್ಲಿ ಯಾರ ಮಾತು ನಡೆಯುತ್ತದೆಯೋ ಅವರು ಕೂರುವ ಜಾಗಕ್ಕೆ ಸಿಗ್ನಲ್ ತುಂಬಿ ಬರುತ್ತದೆ. ಯಾರ ಮಾತು ನಡೆಯುವುದಿಲ್ಲವೋ ಅವರ ಮೂಲೆಗೆ ತೆಳ್ಳಗಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಪಂಕ್ತಿಭೇದ ಎಂಬ ಪದ ಕನ್ನಡದವರಿಗೆ ಹೊಸದಲ್ಲ. ಮೊದಲ ಪಂಕ್ತಿಗೆ ತುಪ್ಪ, ಕೊನೆಯ ಪಂಕ್ತಿಗೆ ನೀರು ಸಾರು ಎಂಬುದನ್ನು ಊಟದಲ್ಲಿ ಕಂಡರೆ ನಾವು ಈಗ ಸಿಟ್ಟಾಗುತ್ತೇವೆ. ಅದೇ ಭೇದ ನಮ್ಮ ಮನೆಯ ಗಾಳಿಯಲ್ಲಿ ದಿನವಿಡೀ ನಡೆದಿದ್ದರೂ ಅದನ್ನು ‘ನೆಟ್‌ವರ್ಕ್ ಸರಿಯಿಲ್ಲ’ ಎಂಬ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ರೌಟರ್ ಮನೆಯ ಯಾವ ಗೋಡೆಗೆ ಬೀಳಬೇಕೆಂದು ತೀರ್ಮಾನಿಸುವವರು ಯಾರು? ಬೆಂಗಳೂರಿನಲ್ಲಿ ಗೆಳತಿಯರ ಜೊತೆ ಬಾಡಿಗೆಗಿರುವ ಮನೆಗೆ ಸಂಪರ್ಕ ಕೊಡಲು ಬಂದ ಹುಡುಗ ಒಳಗೆ ಕಾಲಿಟ್ಟವನೇ ಕೇಳಿದ್ದು, “ಟಿವಿ ಎಲ್ಲಿ ಬರತ್ತೆ ಮೇಡಂ?” ಟಿವಿ ಇಲ್ಲ ಎಂದೆವು. ಅವನು ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಟಿವಿ ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಯೇ, ಹಾಲ್‌ನ ಕಿಟಕಿಯ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಮೇಲೆ ರೌಟರ್ ಹೊಡೆದ. ಅವನನ್ನು ದೂರಿ ಫಲವಿಲ್ಲ. ದಿನಕ್ಕಿಷ್ಟು ಮನೆ ಮುಗಿಸಬೇಕು, ಕೇಬಲ್ ಆ ಕಿಟಕಿಯಿಂದ ಬರುತ್ತದೆ, ಗೋಡೆ ಕೊರೆದರೆ ಓನರ್ ಬೈಯುತ್ತಾರೆ. ಆದರೆ ‘ಇಲ್ಲಿ ಯಾರು, ಎಲ್ಲಿ ಕೂತು ಓದುತ್ತೀರಿ?’ ಎಂಬ ಪ್ರಶ್ನೆ ಅವನಿಗೆ ಕಲಿಸಿದ ಪ್ರಶ್ನೆಗಳಲ್ಲಿ ಇರಲಿಲ್ಲ. ಅದನ್ನು ಕಲಿಸದೆ ಇರುವುದು ಕಂಪನಿಯ ನಿರ್ಧಾರ. ಗೋಡೆಗೆ ಮೊಳೆ ಬೀಳುವ ಹೊತ್ತಿಗೆ ಮುಂದಿನ ಹಲವು ವರ್ಷಗಳ ಹಂಚಿಕೆ ತೀರ್ಮಾನವಾಗಿರುತ್ತದೆ.

ಇದು ಹೊಸ ಚಾಳಿಯೂ ಅಲ್ಲ. ರೇಡಿಯೋ ನಡುಮನೆಯಲ್ಲಿತ್ತು. ಲ್ಯಾಂಡ್‌ಲೈನ್ ಫೋನು ಕಸೂತಿಯ ಬಟ್ಟೆ ಹೊದ್ದು ನಡುಮನೆಯ ಸ್ಟೂಲಿನ ಮೇಲೆ ಕೂತಿತ್ತು. ಅದರಲ್ಲಿ ಆಡಿದ ಮಾತೆಲ್ಲ ಮನೆಮಂದಿಯ ಕಿವಿಗೆ ಬೀಳುತ್ತಿತ್ತು. ಜಗಲಿ ಗಂಡಸರದ್ದು, ಒಳಮನೆ ಹೆಂಗಸರದ್ದು ಎಂಬ ಹಳೆಯ ನಕ್ಷೆಯ ಮೇಲೆಯೇ ನಾವು ಹೊಸ ಯಂತ್ರವನ್ನು ತಂದು ಇಟ್ಟಿದ್ದೇವೆ. ವ್ಯತ್ಯಾಸವೆಂದರೆ, ಫೋನು ಕೇಳಿಸದಿದ್ದರೆ ಎದ್ದು ನಡುಮನೆಗೆ ಬಂದು ಮಾತಾಡಬಹುದಿತ್ತು. ಲ್ಯಾಪ್‌ಟಾಪ್ ಹಿಡಿದು, ಪುಸ್ತಕ ಹರಡಿಕೊಂಡು, ಮೂರು ಗಂಟೆ ನಡುಮನೆಯ ಟಿವಿಯೆದುರು ಕೂತು ಪ್ರಬಂಧ ಬರೆಯಲಾಗದು. ವರ್ಜೀನಿಯಾ ವುಲ್ಫ್ ಬರೆಯುವ ಹೆಣ್ಣಿಗೆ ಸ್ವಂತದ ಕೋಣೆ ಬೇಕು ಎಂದು 1929ರಲ್ಲಿ ವಾದಿಸಿದಾಗ ಆ ಕೋಣೆಯ ಬಾಗಿಲು ಮುಚ್ಚಿಕೊಳ್ಳುವ ಹಕ್ಕು ಮುಖ್ಯವಾಗಿತ್ತು. ಇವತ್ತು ಹಿಂದಿನ ಕೋಣೆಯ ಹುಡುಗಿ ಬಾಗಿಲು ಮುಚ್ಚಿದರೆ ಮೊದಲೇ ಕ್ಷೀಣವಾದ ಸಿಗ್ನಲ್ ಪೂರ್ತಿ ಹೋಗುತ್ತದೆ. ಏಕಾಂತ ಬೇಕೋ, ಇಂಟರ್ನೆಟ್ ಬೇಕೋ ಆರಿಸಿಕೋ ಎಂದು ಮನೆಯೇ ಅವಳಿಗೆ ಹೇಳಿದಂತೆ.

ಇದೆಲ್ಲ ಭಾವುಕತೆ, ತಂತ್ರಜ್ಞಾನಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎನ್ನುವವರಿದ್ದಾರೆ. ಹಾಗಾದರೆ ತಂತ್ರಜ್ಞಾನವನ್ನೇ ನೋಡೋಣ.

ವೈಫೈ ಎಂದರೆ ರೇಡಿಯೋ ತರಂಗ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ತರಂಗದ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮನೆಯೊಳಗೆ ಗೋಡೆಗಳು ಇನ್ನಷ್ಟನ್ನು ನುಂಗುತ್ತವೆ. ಸಾಮಾನ್ಯ ರೌಟರುಗಳು ಎರಡು ಪಟ್ಟಿಗಳಲ್ಲಿ ಮಾತಾಡುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯ ಅಲೆ ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ಪಟ್ಟಿಯ ಅಲೆ ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. ಜಾಹೀರಾತಿನ ದೊಡ್ಡ ಅಂಕಿಗಳೆಲ್ಲ ಈ ಎರಡನೆಯ ಪಟ್ಟಿಯವು. ಕರಾವಳಿಯ ಕೆಂಪುಕಲ್ಲಿನ ಗೋಡೆ, ಹಳೆಯ ಮನೆಗಳ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಫ್ಲ್ಯಾಟುಗಳ ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು, ಸ್ಟೀಲಿನ ಬೀರು, ಆಳೆತ್ತರದ ಕನ್ನಡಿ, ನೀರು ತುಂಬಿದ ಟ್ಯಾಂಕು, ಇವೆಲ್ಲ ಅದರ ಹಾದಿಗೆ ಅಡ್ಡ. ಈಗ ನಮ್ಮ ಮನೆಗಳ ನಕ್ಷೆ ನೆನಪಿಸಿಕೊಳ್ಳಿ. ಅಡುಗೆಮನೆ ಹಿಂದೆ, ಅದರ ಪಕ್ಕ ಬಚ್ಚಲು, ಹೆಣ್ಣುಮಕ್ಕಳ ಕೋಣೆಯಲ್ಲಿ ಬೀರು. ಹಾಲ್‌ನಿಂದ ಹೊರಟ ಸಿಗ್ನಲ್ ದಾಟಬೇಕಾದ ಅಡ್ಡಿಗಳೆಲ್ಲ ಒಂದೇ ದಿಕ್ಕಿನಲ್ಲಿವೆ. ರೌಟರ್ ಬೀದಿಯ ಕಡೆಯ ಗೋಡೆಯ ಮೇಲಿದ್ದರಂತೂ ಅದರ ಅರ್ಧ ಶಕ್ತಿ ಬೀದಿಗೆ ಹೋಗುತ್ತದೆ. ಗೇಟಿನ ಹತ್ತಿರ ನಿಲ್ಲಿಸಿದ ಸ್ಕೂಟರಿಗೆ ಸಿಗುವಷ್ಟು ಸಿಗ್ನಲ್ ಅಡುಗೆಮನೆಯ ಕಟ್ಟೆಗೆ ಸಿಗುವುದಿಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯವಾದದ್ದು. ವೈಫೈಯ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಯಂತ್ರ ಮಾತಾಡಬೇಕು. ಉಳಿದವು ಗಾಳಿ ಖಾಲಿಯಾಗುವವರೆಗೆ ಕಿವಿಗೊಟ್ಟು ಕಾಯುತ್ತವೆ. ಊರ ಬೋರ್‌ವೆಲ್ಲಿನ ಮುಂದಿನ ಕೊಡಗಳ ಸಾಲಿನಂತೆ. ಈಗ ಒಂದು ಮನೆಯಲ್ಲಿ ಐದು ಫೋನು, ಎರಡು ಲ್ಯಾಪ್‌ಟಾಪು, ಟಿವಿ, ಸಿಸಿಟಿವಿ ಕ್ಯಾಮೆರಾ, ಮಾತಾಡುವ ಸ್ಪೀಕರು, ಬಣ್ಣ ಬದಲಿಸುವ ಬಲ್ಬು, ಎಲ್ಲವೂ ಆ ಸಾಲಿನಲ್ಲಿವೆ. ಹಾಲ್‌ನ ಫೋನು 300 ಎಂಬಿಪಿಎಸ್ ದರದಲ್ಲಿ ಮಾತಾಡಬಲ್ಲುದು. ಮೂರು ಗೋಡೆಯಾಚೆಯ ಲ್ಯಾಪ್‌ಟಾಪು ಕಷ್ಟಪಟ್ಟು 6 ಎಂಬಿಪಿಎಸ್ ದರದಲ್ಲಿ ಮಾತಾಡುತ್ತದೆ. ಅಷ್ಟೇ ಮಾಹಿತಿ ಕಳಿಸಲು ಲ್ಯಾಪ್‌ಟಾಪಿಗೆ ಸುಮಾರು 50 ಪಟ್ಟು ಹೊತ್ತು ಬೇಕು. ಅಷ್ಟು ಹೊತ್ತು ಹಾಲ್‌ನ ಫೋನೂ ಕಾಯಬೇಕು. 2003ರಲ್ಲಿ ಫ್ರಾನ್ಸಿನ ಸಂಶೋಧಕರ ತಂಡವೊಂದು ಇದನ್ನು ಲೆಕ್ಕ ಹಾಕಿ ತೋರಿಸಿತು. ಆ ಕಾಲದ ವೈಫೈಯಲ್ಲಿ 11 ಎಂಬಿಪಿಎಸ್ ದರದ ಯಂತ್ರಗಳ ನಡುವೆ 1 ಎಂಬಿಪಿಎಸ್ ದರದ ಒಂದೇ ಒಂದು ಯಂತ್ರ ಸೇರಿದರೂ ಎಲ್ಲರ ಪಾಲು ಆ ನಿಧಾನದ ಯಂತ್ರದ ಮಟ್ಟಕ್ಕೆ ಇಳಿಯುತ್ತಿತ್ತು. ಈಚಿನ ಕೆಲವು ರೌಟರುಗಳು ಸರದಿಯ ಬದಲು ಸಮಯವನ್ನೇ ಸಮನಾಗಿ ಹಂಚಿ ಈ ತೊಂದರೆಯನ್ನು ತಗ್ಗಿಸುತ್ತವೆ. ಆದರೆ ಆ ಪರಿಹಾರದಲ್ಲಿ ಹಾಲ್ ಬಚಾವಾಗುತ್ತದೆ, ಹಿಂದಿನ ಕೋಣೆಗೆ ಸಿಗುವುದು ಇನ್ನೂ ಕಡಿಮೆ.

ಅಂದರೆ ಕೊನೆಯ ಕೋಣೆಯನ್ನು ಕಡೆಗಣಿಸಿದ ಮನೆಯಲ್ಲಿ ಮೊದಲ ಕೋಣೆಯೂ ಸುಖವಾಗಿರುವುದಿಲ್ಲ. ಇದು ನೀತಿಬೋಧೆಯಲ್ಲ, ಎಂಜಿನಿಯರಿಂಗ್. ಪ್ಲಾನ್ ದೊಡ್ಡದು ಮಾಡಿದ ಮಾತ್ರಕ್ಕೆ ಏನೂ ಆಗದಿರುವುದು ಈ ಕಾರಣಕ್ಕೆ. ನೀವು ದುಡ್ಡು ಕೊಟ್ಟು ಅಗಲಿಸಿದ್ದು ಬೀದಿಯಿಂದ ರೌಟರಿನವರೆಗಿನ ಪೈಪನ್ನು. ನೀರು ನಿಂತಿರುವುದು ರೌಟರಿನಿಂದ ಕೋಣೆಗೆ ಹೋಗುವ ದಾರಿಯಲ್ಲಿ. ಕಂಪನಿಗಳಿಗೆ ಇದು ಗೊತ್ತಿಲ್ಲವೆಂದಲ್ಲ. ವೇಗವನ್ನು ಅಂಕಿಯಾಗಿ ಮಾರಬಹುದು, ಹಂಚಿಕೆಯನ್ನು ಮಾರುವುದು ಕಷ್ಟ. ಸರ್ಕಾರವೂ ಬಾಗಿಲವರೆಗೆ ಮಾತ್ರ ಅಳೆಯುತ್ತದೆ. 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಲಾಯಿತು. ಆ 2 ಎಂಬಿಪಿಎಸ್ ಮನೆಯ ಯಾವ ಕೋಣೆಯಲ್ಲಿ ಸಿಗಬೇಕೆಂದು ಆ ವ್ಯಾಖ್ಯೆ ಕೇಳುವುದಿಲ್ಲ.

ಇನ್ನೊಂದು ಮಾತು. ವೈಫೈ ಓಡುವ ಗಾಳಿ ಯಾವ ಕಂಪನಿಯ ಸ್ವತ್ತೂ ಅಲ್ಲ. ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಕೊಳ್ಳುವ ತರಂಗಗಳಂತಲ್ಲ ಇವು. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಲೈಸೆನ್ಸಿನಿಂದ ಬಿಡುಗಡೆ ಮಾಡಲಾಯಿತು. 5 ಗಿಗಾಹರ್ಟ್ಸ್‌ನ ಅಗಲವಾದ ಪಟ್ಟಿ 2018ರಲ್ಲಿ ತೆರೆಯಿತು. ಇದು ಊರಿನ ಗೋಮಾಳವಿದ್ದಂತೆ: ಯಾರ ದನವೂ ಮೇಯಬಹುದು, ಯಾರೂ ಬೇಲಿ ಹಾಕುವಂತಿಲ್ಲ. ಗೋಮಾಳಕ್ಕೆ ಆಗುವ ಗತಿಯೇ ಇದಕ್ಕೂ ಆಗುತ್ತಿದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಬ್ಲೂಟೂತ್ ಕೂಡ ಅಲ್ಲಿಯೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲಿಯೇ. ಅಪಾರ್ಟ್‌ಮೆಂಟಿನ ಹತ್ತಿಪ್ಪತ್ತು ರೌಟರುಗಳು ಆ ಮೂರು ಚಾನೆಲ್‌ಗಳಲ್ಲಿ ಕಿರುಚಾಡುತ್ತವೆ. ಆಗ ಪಕ್ಕದ ಮನೆಯವರು ಇನ್ನೂ ಜೋರಿನ, ನಾಲ್ಕು ಕೊಂಬಿನ ರೌಟರ್ ತರುತ್ತಾರೆ, ನಾವು ಆರು ಕೊಂಬಿನದು ತರುತ್ತೇವೆ. ಕೊಂಬು ಹೆಚ್ಚಿದಷ್ಟೂ ಗದ್ದಲ ಹೆಚ್ಚುತ್ತದೆಯೇ ಹೊರತು ಹಿಂದಿನ ಕೋಣೆಯ ಮಾತು ಕೇಳಿಸುವುದಿಲ್ಲ. ರೌಟರ್ ಕೂಗಿದ್ದು ಫೋನಿಗೆ ಕೇಳಿಸಿದರೆ ಸಾಲದು, ಫೋನಿನ ಸಣ್ಣ ದನಿ ರೌಟರಿಗೂ ಕೇಳಿಸಬೇಕಲ್ಲ!

ಈಗ ಎದುರು ವಾದಗಳಿಗೆ ಬರುತ್ತೇನೆ. ಮೊದಲನೆಯದು, ‘ವೈಫೈ ಸಿಗದಿದ್ದರೆ ಮೊಬೈಲ್ ಡೇಟಾ ಇದೆಯಲ್ಲ?’ ದಿನಕ್ಕೆ ಒಂದೂವರೆ ಎರಡು ಜಿಬಿಯ ಪ್ಯಾಕಿನಲ್ಲಿ ಎರಡು ತರಗತಿ, ಒಂದು ವಿಡಿಯೋ ಸಭೆ ಮುಗಿಯುವಷ್ಟರಲ್ಲಿ ‘ಮಿತಿ ಮುಗಿದಿದೆ’ ಎಂಬ ಸಂದೇಶ ಬರುತ್ತದೆ. ಮನೆಯ ಎಲ್ಲರ ಹೆಸರಲ್ಲಿ ಮಿತಿಯಿಲ್ಲದ ಸಂಪರ್ಕಕ್ಕೆ ದುಡ್ಡು ಕಟ್ಟಿ, ಅದರಲ್ಲಿ ಕೆಲವರು ಮಾತ್ರ ಮಿತಿಯ ಪ್ಯಾಕಿನಲ್ಲಿ ಬದುಕಬೇಕು ಎನ್ನುವುದು ಯಾವ ನ್ಯಾಯ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019–21ರಲ್ಲಿ ನಡೆದಾಗ, ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ಶೇ. 57, ಹೆಂಗಸರು ಶೇ. 33. ಈ ಅಂತರಕ್ಕೆ ಕಾರಣ ನೂರಿವೆ, ರೌಟರ್ ಅದರಲ್ಲಿ ಚಿಕ್ಕದು. ಆದರೆ ಅಂತರವನ್ನು ಕಡಿಮೆ ಮಾಡಬೇಕಾದ ಯಂತ್ರವೇ ಮನೆಯೊಳಗೆ ಅದನ್ನು ಮತ್ತೆ ಬೆಳೆಸುತ್ತಿದ್ದರೆ ಸುಮ್ಮನಿರಬೇಕೇ?

ಎರಡನೆಯದು ಹಿರಿಯರ ವಾದ: ‘ಮಕ್ಕಳ ಕೋಣೆಗೆ ನೆಟ್ ಸಿಗದಿರುವುದೇ ಒಳ್ಳೆಯದು, ಹಾಲ್‌ನಲ್ಲಿ ಕಣ್ಣೆದುರು ಇರಲಿ.’ ‘ಮಕ್ಕಳು’ ಎಂದಾಗ ಗಮನಿಸಿ, ಬಹಳ ಮನೆಗಳಲ್ಲಿ ಅದರರ್ಥ ಹೆಣ್ಣುಮಕ್ಕಳು. ಕೇರಳದ ಕೋಳಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಬಳಸಬಾರದೆಂಬ ನಿಯಮವಿತ್ತು. ಅದನ್ನು ಒಪ್ಪದ ವಿದ್ಯಾರ್ಥಿನಿ ಫಹೀಮಾ ಶಿರಿನ್ ಅವರನ್ನು ಹಾಸ್ಟೆಲಿನಿಂದ ಹೊರಹಾಕಲಾಯಿತು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಇಂಟರ್ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತು. ನೋಡಿ, ಹಾಸ್ಟೆಲಿಗೆ ನಿಯಮ ಬರೆಯಬೇಕಾಯಿತು, ಹಾಗಾಗಿ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ಮನೆಯಲ್ಲಿ ನಿಯಮ ಬರೆಯುವ ಅಗತ್ಯವೇ ಇಲ್ಲ. ರೌಟರನ್ನು ದೂರ ಇಟ್ಟರೆ ಸಾಕು, ಗೋಡೆಯೇ ವಾರ್ಡನ್ ಕೆಲಸ ಮಾಡುತ್ತದೆ. ಗೋಡೆಯ ಮೇಲೆ ಯಾವ ಕೋರ್ಟಿಗೂ ಅರ್ಜಿ ಹಾಕಲು ಬರುವುದಿಲ್ಲ.

ಮೂರನೆಯದು ನನ್ನಂಥವರೇ ಆಡುವ ಮಾತು, ಅದಕ್ಕೆ ಗೌರವ ಕೊಡಲೇಬೇಕು: ‘ಮಲೆನಾಡಿನ ಊರುಗಳಿಗೆ ಟವರೇ ಇಲ್ಲ. ಅದನ್ನು ಬಿಟ್ಟು ಫ್ಲ್ಯಾಟಿನ ಹಿಂದಿನ ಕೋಣೆಯ ಗೋಳು ಹೇಳುತ್ತೀರಾ?’ 2021ರಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ರಸ್ತೆಬದಿಯಲ್ಲಿ, ಸುರಿವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತು, ಮಗಳು ಕೆಳಗೆ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಚಿತ್ರವನ್ನು ನಾಡೆಲ್ಲ ನೋಡಿತು. ಆ ಚಿತ್ರದ ಮುಂದೆ ನಗರದ ದೂರು ಸಣ್ಣದು, ಒಪ್ಪುತ್ತೇನೆ. ಆದರೆ ಎರಡರ ಹಿಂದಿರುವ ತರ್ಕ ಒಂದೇ. ಟವರ್ ಎಲ್ಲಿ ನಿಲ್ಲಬೇಕೆಂಬುದನ್ನು ಲಾಭ ತೀರ್ಮಾನಿಸುತ್ತದೆ, ಗುಡ್ಡದಾಚೆಯ ಹತ್ತು ಮನೆ ಲೆಕ್ಕಕ್ಕೆ ಬರುವುದಿಲ್ಲ. ರೌಟರ್ ಎಲ್ಲಿ ಕೂರಬೇಕೆಂಬುದನ್ನು ಅನುಕೂಲ ತೀರ್ಮಾನಿಸುತ್ತದೆ, ಗೋಡೆಯಾಚೆಯ ಕೋಣೆ ಲೆಕ್ಕಕ್ಕೆ ಬರುವುದಿಲ್ಲ. ‘ಊರಿಗೆ ನೆಟ್‌ವರ್ಕ್ ಬಂತು’ ಎಂಬ ವರದಿಯಲ್ಲಿ ಗುಡ್ಡದ ಮನೆಗಳು ಅಳಿಸಿಹೋಗುವಂತೆ, ‘ಮನೆಗೆ ವೈಫೈ ಹಾಕಿಸಿದೆವು’ ಎಂಬ ಮಾತಿನಲ್ಲಿ ಅಡುಗೆಮನೆ ಅಳಿಸಿಹೋಗುತ್ತದೆ. ತನ್ನ ಮನೆಯ ಹಿಂದಿನ ಕೋಣೆಯನ್ನು ಎಣಿಸಲು ಕಲಿಯದವರು ಗುಡ್ಡದಾಚೆಯ ಮನೆಯನ್ನು ಎಣಿಸುತ್ತಾರೆಂಬ ನಂಬಿಕೆ ನನಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹೊಳೆಗೆ ಸುರಿದರೂ ಅಳೆದು ಸುರಿ ಎಂದರು ಹಿರಿಯರು. ಮೊದಲು ಅಳೆಯಿರಿ. ವೈಫೈಯ ಬಲ ತೋರಿಸುವ ಉಚಿತ ಆ್ಯಪ್‌ಗಳಿವೆ. ಫೋನು ಹಿಡಿದು ಕೋಣೆಯಿಂದ ಕೋಣೆಗೆ ನಡೆಯಿರಿ. ಮೈನಸ್ 50 ಡಿಬಿಎಂ ಆಸುಪಾಸು ಇದ್ದರೆ ಸೊಗಸು, ಮೈನಸ್ 67ರವರೆಗೆ ವಿಡಿಯೋ ಮಾತುಕತೆ ನಡೆಯುತ್ತದೆ, ಮೈನಸ್ 80ಕ್ಕೆ ಇಳಿದರೆ ಚಕ್ರ ತಿರುಗುವುದೇ ಕೆಲಸ. ಆಮೇಲೆ ರೌಟರನ್ನು ಟಿವಿಯ ಹಿಂದಿನಿಂದ ಬಿಡಿಸಿ ಮನೆಯ ನಡುವಿಗೆ, ಎತ್ತರಕ್ಕೆ, ತೆರೆದ ಜಾಗಕ್ಕೆ ತನ್ನಿ. ಟಿವಿ ಕಾಲಿಲ್ಲದ ವಸ್ತು, ಅದು ಎಲ್ಲಿಗೂ ಓಡಾಡುವುದಿಲ್ಲ. ಅದಕ್ಕೆ ತಂತಿ ಕೊಟ್ಟು ಗಾಳಿಯ ಸಾಲಿನಿಂದ ಆಚೆ ಕಳಿಸಿ. ಓಡಾಡುವ ಯಂತ್ರಗಳಿಗೆ ಗಾಳಿ ಬಿಡಿ.

ಅಷ್ಟಕ್ಕೂ ಸಾಲದಿದ್ದರೆ ಅಂಗಡಿಯವರು ರಿಪೀಟರ್ ಕೊಡುತ್ತಾರೆ. ಅಗ್ಗದ ರಿಪೀಟರಿಗೆ ಇರುವುದು ಒಂದೇ ಬಾಯಿ, ಒಂದೇ ಕಿವಿ. ಕೇಳಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು, ಹಾಗಾಗಿ ವೇಗ ಅರ್ಧಕ್ಕಿಳಿಯುತ್ತದೆ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಸಿಕ್ಕಿಸಿದರೆ ಇಲ್ಲದ್ದನ್ನೇ ಮತ್ತೆ ಹೇಳುತ್ತದೆ. ಅದನ್ನು ನಡುದಾರಿಯಲ್ಲಿ ಇಡಬೇಕು. ಎರಡು ಮೂರು ಘಟಕಗಳ ಮೆಶ್ ಇದಕ್ಕಿಂತ ಮೇಲು, ಆದರೆ ದುಬಾರಿ. ಅದೂ ಘಟಕಗಳ ನಡುವೆ ತಂತಿ ಇದ್ದಾಗಲೇ ಪೂರ್ತಿ ಫಲ ಕೊಡುತ್ತದೆ. ಎಲ್ಲಕ್ಕಿಂತ ಅಗ್ಗದ, ಗಟ್ಟಿಯಾದ ದಾರಿ ಹಳೆಯದೇ: ರೌಟರಿನಿಂದ ಹಿಂದಿನ ಕೋಣೆಗೆ ಒಂದು ಎತರ್‌ನೆಟ್ ತಂತಿ. ಕ್ಯಾಟ್ 6 ತಂತಿ 100 ಮೀಟರ್ ದೂರಕ್ಕೂ 1 ಜಿಬಿಪಿಎಸ್ ಒಯ್ಯುತ್ತದೆ. ಅದರ ತುದಿಗೆ ಅಟ್ಟದ ಮೇಲೆ ಬಿದ್ದಿರುವ ಹಳೆಯ ರೌಟರನ್ನೇ ಸಿಕ್ಕಿಸಬಹುದು. ಮೊದಲು ಅದರ ವಿಳಾಸ ಮುಖ್ಯ ರೌಟರಿನ ವಿಳಾಸಕ್ಕೆ ಡಿಕ್ಕಿಯಾಗದಂತೆ ಬದಲಿಸಿ, ಡಿಎಚ್‌ಸಿಪಿ ಆರಿಸಿ, ಲ್ಯಾನ್ ತೂತಿಗೆ ತಂತಿ ಹಾಕಿ, ಅದೇ ಹೆಸರು ಅದೇ ಪಾಸ್‌ವರ್ಡ್ ಕೊಟ್ಟು, ಬೇರೆ ಚಾನೆಲ್ ಆರಿಸಿದರೆ ಹಿಂದಿನ ಕೋಣೆಗೂ ಒಂದು ಪೂರ್ತಿ ಪಂಕ್ತಿ ಸಿಕ್ಕಿತು. ಬಾಡಿಗೆ ಮನೆಯವರು ಗೋಡೆ ಕೊರೆಯಬೇಕಿಲ್ಲ, ಚಪ್ಪಟೆ ತಂತಿ ಬಾಗಿಲಡಿಯಲ್ಲಿ ಹಾಯುತ್ತದೆ. ‘ತಂತಿ ನೋಡಲು ಚೆನ್ನಾಗಿರುವುದಿಲ್ಲ’ ಎಂಬ ಆಕ್ಷೇಪ ಬರುತ್ತದೆ. ಹಾಲ್‌ನಲ್ಲಿ ಟಿವಿಯ ಸುತ್ತ ಏಳು ತಂತಿ ಜೋತಾಡುವಾಗ ಯಾರಿಗೂ ಕಾಣದ ಕುರೂಪ ಮಗಳ ಕೋಣೆಗೆ ಒಂದು ತಂತಿ ಹೊರಟಾಗ ಎಲ್ಲಿಂದ ಬರುತ್ತದೆ?

ಮನೆಯೊಳಗೆ ಮುಗಿಯದ ಕೆಲಸವೂ ಇದೆ. ಪ್ರತಿ ಕೋಣೆಗೂ ಫ್ಯಾನಿನ ಪಾಯಿಂಟು ಇಡುವ ಬಿಲ್ಡರು ಪ್ರತಿ ಕೋಣೆಗೂ ಒಂದು ಲ್ಯಾನ್ ಪಾಯಿಂಟು, ಇಲ್ಲವೇ ಖಾಲಿ ಪೈಪನ್ನಾದರೂ ಇಡಬೇಕು. ಗೋಡೆ ಕಟ್ಟುವಾಗ ಅದರ ಖರ್ಚು ಲೆಕ್ಕಕ್ಕೇ ಬಾರದಷ್ಟು. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ರೇಟಿಂಗ್ ಕೊಡುವ ನಿಯಮಗಳನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ಒಳ್ಳೆಯದು. ಆ ನಕ್ಷತ್ರಗಳು ಕ್ಲಬ್‌ಹೌಸಿನ, ಲಾಬಿಯ ಸಿಗ್ನಲ್ ನೋಡಿ ಸಿಗಬಾರದು, ಅಡುಗೆಮನೆಯಲ್ಲಿ ನಿಂತು ಅಳೆದಾಗ ಸಿಗಬೇಕು. ಸಂಪರ್ಕ ಕೊಡುವ ಕಂಪನಿ ಕೆಲಸ ಮುಗಿಸಿದ ರುಜು ಪಡೆಯುವ ಮೊದಲು ಪ್ರತಿ ಕೋಣೆಯ ಅಳತೆಯನ್ನು ಗ್ರಾಹಕರಿಗೆ ಬರೆದು ಕೊಡಬೇಕು. ಹೊಸ ಪಟ್ಟಿಗಳು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಕಾಯುವುದೂ ಬೇಡ. ಅಮೆರಿಕ 2020ರ ಏಪ್ರಿಲ್‌ನಲ್ಲಿ 6 ಗಿಗಾಹರ್ಟ್ಸ್‌ನ 1200 ಮೆಗಾಹರ್ಟ್ಸ್ ಅಗಲವನ್ನು ವೈಫೈಗೆ ತೆರೆಯಿತು. ನಮ್ಮಲ್ಲಿ ಅದರ ಕೆಳಗಿನ 500 ಮೆಗಾಹರ್ಟ್ಸ್‌ಗೆ ಕರಡು ನಿಯಮ ಬಂದದ್ದು 2025ರ ಮೇ ತಿಂಗಳಲ್ಲಿ. ಅದು ಬೇಕು. ಆದರೆ 6 ಗಿಗಾಹರ್ಟ್ಸ್‌ನ ಅಲೆ ಗೋಡೆಗೆ 5ಕ್ಕಿಂತಲೂ ಬೇಗ ಸೋಲುತ್ತದೆ. ಹಂಚಿಕೆ ಬದಲಾಗದೆ ಅದು ಬಂದರೆ ಹಾಲ್ ಮತ್ತು ಹಿಂದಿನ ಕೋಣೆಯ ನಡುವಿನ ಅಂತರ ಇನ್ನೂ ಅಗಲವಾಗುತ್ತದೆ.

ಇದನ್ನು ಓದುವವರಲ್ಲಿ ಬಹಳಷ್ಟು ಮಂದಿ ವಿದ್ಯಾರ್ಥಿಗಳು. ಸಾಹಿತ್ಯದಲ್ಲಿ ಅಂಚು, ಕೇಂದ್ರ ಎಂಬ ಪದಗಳನ್ನು ನಾವು ದಿನಾ ಬಳಸುತ್ತೇವೆ, ಅವುಗಳ ಮೇಲೆ ವಿಚಾರಸಂಕಿರಣ ನಡೆಸುತ್ತೇವೆ. ರಜೆಗೆ ಊರಿಗೆ ಹೋದಾಗ ಆ ಪದಗಳನ್ನು ಮನೆಯ ಗೋಡೆಯ ಮೇಲೆ ಪರೀಕ್ಷಿಸಿ. ಸಿಗ್ನಲ್ ಸತ್ತ ಜಾಗಗಳನ್ನು ಗುರುತು ಮಾಡಿ, ಪ್ರತಿ ಗುರುತಿನ ಪಕ್ಕದಲ್ಲಿ ಅಲ್ಲಿ ದಿನದ ಹೆಚ್ಚು ಹೊತ್ತು ಕಳೆಯುವವರ ಹೆಸರು ಬರೆಯಿರಿ. ಆ ಪಟ್ಟಿಯನ್ನು ಮನೆಯ ಯಜಮಾನರ ಕೈಗೆ ಕೊಟ್ಟು ಹೇಳಿ: ಪ್ಲಾನ್ ಹೆಚ್ಚಿಸುವುದು ಬೇಡ, ಇಪ್ಪತ್ತು ಮೀಟರ್ ತಂತಿ ತರಿಸಿ.